ಹೊಲಿಗೆ ಬಿಟ್ಟು ಅಂಟು ಹಿಡಿದ ಮೇಲೆ

ಬಿಸಿಲಿನಲ್ಲಿ ದುಡಿಯುವವರು ಬಂದು ‘ಕಣ್ಣಿನಲ್ಲಿ ಮಾಂಸ ಬೆಳೆದಿದೆ’ ಎನ್ನುತ್ತಾರೆ. ಅದು ಟೆರಿಜಿಯಂ, ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲೆ ಹಬ್ಬುವ ಬೆಳವಣಿಗೆ. ಬರೀ ಕತ್ತರಿಸಿ ಬಿಟ್ಟರೆ ಮತ್ತೆ ಬೆಳೆಯುವುದೇ ಹೆಚ್ಚು. ಅದಕ್ಕೇ ಅದೇ ಕಣ್ಣಿನ ಮೇಲ್ಭಾಗದಿಂದ ಕಂಜಂಕ್ಟೈವಾದ, ಅಂದರೆ ಬಿಳಿಗುಡ್ಡೆಯನ್ನು ಹೊದ್ದಿರುವ ಪೊರೆಯ, ತೆಳು ಪದರ ತೆಗೆದು, ಬರಿದಾದ ಜಾಗಕ್ಕೆ ಹೊದಿಸುತ್ತೇವೆ. ಮೊದಲೆಲ್ಲ ಅದನ್ನು ಕೂದಲಿಗಿಂತ ಸಪೂರವಾದ ನೈಲಾನ್ ದಾರದಿಂದ ಹೊಲಿಯುತ್ತಿದ್ದೆ. ಮರುದಿನ ಪಟ್ಟಿ ಬಿಚ್ಚಿದರೆ ರೆಪ್ಪೆ ಬಡಿದಾಗಲೆಲ್ಲ ಗಂಟು ಚುಚ್ಚಿ ನೀರು ಸುರಿಯುತ್ತಿತ್ತು. ಆ ಸಂಕಟ ನೋಡಲಾಗದೆ ಫೈಬ್ರಿನ್ ಅಂಟಿಗೆ ಬಂದೆ.

ರಕ್ತ ಹೆಪ್ಪುಗಟ್ಟುವಾಗ ಕೊನೆಯಲ್ಲಿ ನಡೆಯುವುದನ್ನೇ ಈ ಅಂಟು ಮಾಡುತ್ತದೆ. ಒಂದು ಸಿರಿಂಜಿನಲ್ಲಿ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್, ಇನ್ನೊಂದರಲ್ಲಿ ಅದನ್ನು ಫೈಬ್ರಿನ್ ಆಗಿಸುವ ಥ್ರಾಂಬಿನ್ ಮತ್ತು ಕ್ಯಾಲ್ಸಿಯಂ. ಎರಡೂ ಕೂಡಿದರೆ ಫೈಬ್ರಿನ್ ಜಾಲ ಹೆಣೆದುಕೊಳ್ಳುತ್ತದೆ, ಕೆಲವು ವಾರಗಳಲ್ಲಿ ದೇಹವೇ ಅದನ್ನು ಕರಗಿಸುತ್ತದೆ. ದಾನಿಗಳ ಪ್ಲಾಸ್ಮಾದಿಂದ ತಯಾರಾದದ್ದು ಎಂಬುದನ್ನು ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತೇನೆ.

ಆರಂಭದ ದಿನಗಳಲ್ಲಿ ಒಬ್ಬ ರೈತರ ಕಣ್ಣಿನಲ್ಲಿ ಪದರ ಮೂರನೆಯ ದಿನಕ್ಕೆ ಜಾರಿ, ಅಂಚು ಸುರುಳಿ ಸುತ್ತಿಕೊಂಡಿತ್ತು. ತಪ್ಪು ನನ್ನದೇ. ಪದರದ ಅಡಿಯಲ್ಲಿ ಟೆನಾನ್ ಅಂಗಾಂಶವನ್ನು, ಅಂದರೆ ಕಂಜಂಕ್ಟೈವಾದ ಕೆಳಗಿರುವ ನಾರಿನಂಥ ಪೊರೆಯನ್ನು, ಉಳಿಸಿದ್ದೆ. ಅದು ಕುಗ್ಗುತ್ತ ಪದರವನ್ನೂ ಎಳೆದುಕೊಂಡಿತ್ತು. ಸಾಲದ್ದಕ್ಕೆ, ಗಟ್ಟಿಯಾಗಿ ಹಿಡಿಯಲಿ ಎಂದು ಅಂಟನ್ನು ಹೆಚ್ಚಾಗಿಯೇ ಸುರಿದಿದ್ದೆ. ದಪ್ಪ ಅಂಟಿನ ಮೇಲೆ ಪದರ ತೇಲುತ್ತದೆ, ಕೂರುವುದಿಲ್ಲ. ಅವರನ್ನು ಮತ್ತೆ ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದುಕೊಂಡು ಹೋಗಿ ಹೊಲಿದೆ.

ಈಗ ಪದರದ ಅಡಿಯಿಂದ ಕತ್ತರಿಯ ತುದಿ ಸ್ಪಷ್ಟವಾಗಿ ಕಾಣುವವರೆಗೂ ಟೆನಾನ್ ಅನ್ನು ಬಿಡಿಸುತ್ತೇನೆ. ಅಷ್ಟು ತೆಳುವಾದ ಪದರ ತಾನೇ ಮಡಚಿಕೊಂಡರೆ ಮೇಲ್ಮೈ ಯಾವುದು, ಒಳಮೈ ಯಾವುದು ತಿಳಿಯುವುದಿಲ್ಲ; ತೆಗೆಯುವ ಮುನ್ನವೇ ಮೇಲ್ಮೈಗೆ ನೇರಳೆ ಶಾಯಿಯ ಚುಕ್ಕೆ ಇಡುತ್ತೇನೆ. ಕರಿಗುಡ್ಡೆಯ ಕಡೆಯ ಅಂಚು ಕರಿಗುಡ್ಡೆಯ ಕಡೆಗೇ ಬರಬೇಕು. ರಕ್ತ ಜಿನುಗುತ್ತಿದ್ದರೆ ಒತ್ತಿ ಹಿಡಿದು ಕಾಯುತ್ತೇನೆ, ಅವಸರ ಮಾಡುವುದಿಲ್ಲ. ಬರಿದಾದ ಜಾಗಕ್ಕೆ ಫೈಬ್ರಿನೋಜನ್ ಒಂದು ಹನಿ, ಮಗುಚಿಟ್ಟ ಪದರದ ಒಳಮೈಗೆ ಥ್ರಾಂಬಿನ್ ಒಂದು ಹನಿ. ಪದರವನ್ನು ತಿರುವಿ ಹಾಕಿದ ಮೇಲೆ ಸರಿಪಡಿಸಲು ಸಿಗುವುದು ಕೆಲವೇ ಕ್ಷಣ. ನುಣುಪಾದ ಕೊಕ್ಕೆಯಿಂದ ನಡುವಿನಿಂದ ಅಂಚಿನತ್ತ ಸವರಿ, ಹೆಚ್ಚಿನ ಅಂಟನ್ನು ಹೊರತಳ್ಳುತ್ತೇನೆ. ಆಮೇಲೆ ಐದು ನಿಮಿಷ ಕೈ ಹಚ್ಚುವುದಿಲ್ಲ.

ರೆಪ್ಪೆ ಬಿಡಿಸಿಟ್ಟ ಸಾಧನವನ್ನು ಮೆಲ್ಲಗೆ ತೆಗೆದು, “ಯಜಮಾನರೇ, ಒಮ್ಮೆ ಕಣ್ಣು ಮಿಟುಕಿಸಿ” ಎನ್ನುತ್ತೇನೆ. ಸೂಕ್ಷ್ಮದರ್ಶಕದಲ್ಲಿ ನಾಲ್ಕೂ ಅಂಚು ನೋಡುತ್ತೇನೆ. ಒಂದು ಮೂಲೆ ಎದ್ದರೂ ಅಲ್ಲಿಗೊಂದು ಹೊಲಿಗೆ ಹಾಕುತ್ತೇನೆ. ನೈಲಾನ್ ದಾರ ಇಂದಿಗೂ ನನ್ನ ಟ್ರೇಯಲ್ಲಿರುತ್ತದೆ.