ಬಸುರಿ ಇರುವಾಗ ಮೀನು ಬಿಡ್ಬೇಡಿ, ಮೀನು ಬದಲಾಯಿಸಿ: ಪಾದರಸದ ಲೆಕ್ಕ ಹಾಕೋದು ಹೇಗೆ

ನನ್ ತಂಗಿ ಎರಡು ತಿಂಗಳ ಬಸುರಿ ಆಗಿದ್ದಾಗ ಒಂದು ಡಯಟ್ ಚಾರ್ಟ್ ಕೈಗೆ ಬಂತು, ಅದರಲ್ಲಿ "ಮ್ಯಾಕರೆಲ್ ತಿನ್ನಬಾರದು, ಮರ್ಕ್ಯುರಿ ಇದೆ" ಅಂತ ಇತ್ತು, ಮರ್ಕ್ಯುರಿ ಅಂದ್ರೆ ಪಾದರಸ. ಮ್ಯಾಕರೆಲ್ ಅಂದ್ರೆ ಬಂಗುಡೆ ಅಲ್ವಾ ಅಂತ ಬಂಗುಡೆ ಬಿಟ್ಲು, ಬಂಗುಡೆನೇ ಬೇಡ ಅಂದ್ಮೇಲೆ ಬೂತಾಯಿ ಯಾಕೆ ಅಂತ ಅದನ್ನೂ ಬಿಟ್ಲು, ಆಮೇಲೆ ಮನೆಯವ್ರೆಲ್ಲ ಸೇರಿ ಬಸುರಿ ಹೆಂಗಸು ಒಳ್ಳೇ ಮೀನು ತಿನ್ಲಿ ಅಂತ ಪ್ರೀತಿಯಿಂದ ವಾರಕ್ಕೆ ಎರಡ್ಮೂರು ಸಲ ದೊಡ್ಡ ಅಂಜಲ್ ತಂದು ಹುರಿದು ಕೊಡೋಕೆ ಶುರು ಮಾಡಿದ್ರು. ಪೂರ್ತಿ ಉಲ್ಟಾ ಆಗಿತ್ತು. ತಿನ್ನಬೇಕಾದ್ದನ್ನ ಬಿಟ್ಟು ಕಮ್ಮಿ ಮಾಡ್ಬೇಕಾದ್ದನ್ನ ತಿಂತಿದ್ಲು. ಇದೇ ತಪ್ಪು ಎಷ್ಟೋ ಮನೆಯಲ್ಲಿ ಆಗ್ತಿದೆ ಅಂತ ಗೊತ್ತಾದ ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು.

ಮೊದಲು ಈ ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗೀತು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಸುರಿಯರು ತಿನ್ನಬಾರದು ಅಂತ ಹೇಳೋದು ಕಿಂಗ್ ಮ್ಯಾಕರೆಲ್. ಅದು ಅಟ್ಲಾಂಟಿಕ್ ಕಡೆಯ ದೊಡ್ಡ ಬೇಟೆ ಮೀನು. ನಮ್ಮ ಬಂಗುಡೆ ಆ ಜಾತಿನೇ ಅಲ್ಲ, ಅಂಗೈಗಿಂತ ಸ್ವಲ್ಪ ಉದ್ದ ಇರೋ, ನೀರಲ್ಲಿರೋ ಸೂಕ್ಷ್ಮ ಜೀವಿಗಳನ್ನ ಸೋಸಿ ತಿನ್ನೋ ಪಾಪದ ಮೀನು ಅದು. ಕಿಂಗ್ ಮ್ಯಾಕರೆಲ್‌ಗೆ ನಿಜವಾದ ದಾಯಾದಿ ಅಂದ್ರೆ ಅಂಜಲ್, ಕಾರವಾರ ಅಂಕೋಲಾ ಕಡೆ ಇಸ್ವಣ ಅಂತಾರಲ್ಲ ಅದು. ಎರಡೂ ಒಂದೇ ಕುಲ. ಅವರ ಮೀನಿನ ಪಾದರಸದ ನಂಬರ್ ತಂದು ನಮ್ಮ ಅಂಜಲ್‌ಗೆ ಹಾಗೇ ಅಂಟಿಸೋಕಾಗಲ್ಲ, ಆದ್ರೆ ಬೇರೆ ಮೀನು ತಿಂದು ಬೆಳೆಯೋ ಸ್ವಭಾವ ಇದಕ್ಕೂ ಇದೆ, ಪಾದರಸದ ವಿಷಯದಲ್ಲಿ ಮುಖ್ಯ ಆಗೋದು ಅದೇ.

ಯಾಕಂದ್ರೆ ಪಾದರಸ ಮೀನಿಗೆ ಬರೋದು ಊಟದಿಂದ. ಕಲ್ಲಿದ್ದಲು ಸುಡೋದ್ರಿಂದ, ಸಣ್ಣ ಪ್ರಮಾಣದ ಚಿನ್ನದ ಗಣಿಗಳಿಂದ ಗಾಳಿಗೆ ಹೋದ ಪಾದರಸ ಮಳೆ ಜೊತೆ ನೀರಿಗೆ ಬೀಳುತ್ತೆ, ಆಮ್ಲಜನಕ ಇಲ್ಲದ ಕೆಸರಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಮರ್ಕ್ಯುರಿ ಅನ್ನೋ, ಮೈಗೆ ಸುಲಭವಾಗಿ ಸೇರೋ ವಿಷ ಮಾಡುತ್ತೆ, ಅದು ಪಾಚಿಗೆ, ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದ್ರಿಂದ ದೊಡ್ಡದಕ್ಕೆ ಹೋಗ್ತಾ ಪ್ರತಿ ಮೆಟ್ಟಿಲಲ್ಲೂ ಜಾಸ್ತಿ ಆಗ್ತಾ ಹೋಗುತ್ತೆ. ಹಾಗಾಗಿ ಮಾರ್ಕೆಟ್‌ನಲ್ಲಿ ನಿಂತಾಗ ಕೇಳ್ಬೇಕಾದ್ದು ಎರಡೇ: ಈ ಮೀನು ಏನು ತಿಂದು ಬೆಳೆದಿದೆ, ಎಷ್ಟು ದೊಡ್ಡದಾಗಿದೆ.

ಬೂತಾಯಿ, ಬಂಗುಡೆ, ಕಾಣೆ, ನಂಗ್, ಸಿಗಡಿ, ಮರುವಾಯಿ ಇವೆಲ್ಲ ಧೈರ್ಯವಾಗಿ ತಿನ್ನೋ ಪಟ್ಟಿ. ಬೆಂಗಳೂರಲ್ಲಿದ್ದು ಸಮುದ್ರದ ಮೀನು ಸಿಗಲ್ಲ ಅನ್ನೋರಿಗೆ ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾ, ತಿಲಾಪಿಯಾನೂ ಪಾದರಸದ ಲೆಕ್ಕದಲ್ಲಿ ಸಾಮಾನ್ಯವಾಗಿ ಕಮ್ಮಿನೇ. ಬಸುರಿಯರು, ಹಾಲುಣಿಸೋರು, ಸಣ್ಣ ಮಕ್ಕಳು ದೂರ ಇಡ್ಬೇಕಾದ್ದು ಶಾರ್ಕ್ (ಕೊಂಕಣಿಯಲ್ಲಿ ಮೋರಿ ಅಂತಾರಲ್ಲ ಅದು), ಮೂತಿ ಮುಂದೆ ಕತ್ತಿ ಹಾಗೆ ಉದ್ದ ಇರೋ ಮೀನುಗಳು, ದೊಡ್ಡ ಟ್ಯೂನಾ. ಒಣ ಮೀನಿನ ಡಬ್ಬದಲ್ಲಿ ಶಾರ್ಕ್ ಇದ್ರೆ ಅದೂ ಬೇಡ, ಒಣಗಿದಾಗ ನೀರಷ್ಟೇ ಹೋಗೋದು, ಪಾದರಸ ಹಾಗೇ ಉಳಿದು ಗ್ರಾಂ ಲೆಕ್ಕಕ್ಕೆ ಇನ್ನೂ ಜಾಸ್ತಿ ಆಗುತ್ತೆ.

ಅಂಜಲ್ ಮಧ್ಯದ್ದು. ಪೂರ್ತಿ ಬಿಡಿ ಅಂತ ನಾನು ಹೇಳಲ್ಲ, ಅಪರೂಪಕ್ಕೆ ತಿನ್ನಿ, ಸಣ್ಣದು ನೋಡಿ ತಗೊಳ್ಳಿ. ಪೀಸ್ ನೋಡಿದ್ರೇ ಗೊತ್ತಾಗುತ್ತೆ: ಬಾಳೆ ಎಲೆ ಮೇಲೆ ಅರ್ಧ ಜಾಗ ತುಂಬಿಸೋ ಅಗಲದ ಪೀಸ್, ನಡುವಿನ ಮುಳ್ಳು ಹೆಬ್ಬೆರಳಿನಷ್ಟು ದಪ್ಪ ಇದೆ ಅಂದ್ರೆ ಅದು ಏಳೆಂಟು ಕೆಜಿ ಮೀನಿಂದ ಬಂದಿದ್ದು, ವರ್ಷಗಟ್ಟಲೆ ಬೇರೆ ಮೀನು ನುಂಗಿ ಬೆಳೆದಿದ್ದು. ಒಂದು ಕೆಜಿ ಒಳಗಿನ ಇಡೀ ಅಂಜಲ್ ಮೀನು ಮಾರೋ ಅಕ್ಕನ ಹತ್ರ ಸಿಕ್ಕಿದ್ರೆ ಅದನ್ನ ಕೊಯ್ಸಿಕೊಳ್ಳಿ.

ಈಗ ಲೆಕ್ಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಈ ಮೀಥೈಲ್ ಮರ್ಕ್ಯುರಿಗೆ ಹೇಳೋ ಮಿತಿ ದಿನಕ್ಕೆ ಒಂದು ಕೆಜಿ ದೇಹತೂಕಕ್ಕೆ 0.1 ಮೈಕ್ರೋಗ್ರಾಂ. 60 ಕೆಜಿ ಹೆಂಗಸಿಗೆ ದಿನಕ್ಕೆ 6, ವಾರಕ್ಕೆ 42 ಮೈಕ್ರೋಗ್ರಾಂ. ಎಫ್‌ಡಿಎ ಅಳೆದ ಸರಾಸರಿಯಲ್ಲಿ ಬೂತಾಯಿ ಬಳಗದ ಸಾರ್ಡೀನ್‌ನಲ್ಲಿ 0.013 ಪಿಪಿಎಂ (ಒಂದು ಕೆಜಿ ಮೀನಲ್ಲಿ ಇಷ್ಟು ಮಿಲಿಗ್ರಾಂ ಪಾದರಸ), ಅಂದ್ರೆ 100 ಗ್ರಾಂ ತಿಂದ್ರೆ 1.3 ಮೈಕ್ರೋಗ್ರಾಂ. ಕಿಂಗ್ ಮ್ಯಾಕರೆಲ್‌ನಲ್ಲಿ 0.73, 100 ಗ್ರಾಂಗೆ 73. ಶಾರ್ಕ್‌ನಲ್ಲಿ 0.979, 100 ಗ್ರಾಂಗೆ ಹತ್ರ ಹತ್ರ 98. ಒಂದು ಪೀಸ್ ಶಾರ್ಕ್ ತಿಂದ್ರೆ ಎರಡು ವಾರದ ಕೋಟಾ ದಾಟಿ ಹೋಯ್ತು, ಅಷ್ಟೇ ಪಾದರಸ ಸಾರ್ಡೀನ್‌ನಿಂದ ಬರ್ಬೇಕು ಅಂದ್ರೆ 75 ಸಲ ತಿನ್ಬೇಕು! ಈ ಮಿತಿಯನ್ನ ಬೇಕಂತಲೇ ತುಂಬಾ ಕೆಳಗೆ ಇಟ್ಟಿದ್ದಾರೆ, ಹಾಗಾಗಿ ಯಾವತ್ತೋ ಒಂದಿನ ದಾಟಿದ್ರೆ ಗಾಬರಿ ಬೇಡ, ವಾರ ವಾರವೂ ದಾಟ್ತಾ ಇದ್ರೆ ಮಾತ್ರ ಯೋಚನೆ ಮಾಡಿ.

ಹಾಗಿದ್ರೆ ಮೀನೇ ಬೇಡ, ರಿಸ್ಕ್ ಯಾಕೆ ಅಂತ ಅತ್ತೆಯಂದಿರು ಕೇಳ್ತಾರೆ. ಇದಕ್ಕೆ ಉತ್ತರ ಎರಡು ದ್ವೀಪಗಳಲ್ಲಿದೆ. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ ಫಿಲಿಪ್ ಗ್ರಾಂಜಾನ್, ಪಾಲ್ ವೈಹೆ ಅನ್ನೋ ಸಂಶೋಧಕರ ತಂಡ 1986-87ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನ ವರ್ಷಗಟ್ಟಲೆ ನೋಡಿಕೊಂಡು ಬಂತು, ಹೊಟ್ಟೆಯಲ್ಲಿದ್ದಾಗ ಜಾಸ್ತಿ ಪಾದರಸ ಹೋದ ಮಕ್ಕಳಿಗೆ ಏಳನೇ ವಯಸ್ಸಲ್ಲಿ ಮಾತು, ಗಮನ, ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಸ್ವಲ್ಪ ಹಿಂದೆ ಬಿದ್ದಿದ್ದು ಕಾಣಿಸ್ತು, 1997ರಲ್ಲಿ ಅದು ಪ್ರಕಟ ಆಯ್ತು. ಆದ್ರೆ ಅಲ್ಲಿ ಪಾದರಸ ಮುಖ್ಯವಾಗಿ ಬಂದಿದ್ದು ಮೀನಿಂದಲ್ಲ, ಪೈಲಟ್ ತಿಮಿಂಗಿಲದ ಮಾಂಸದಿಂದ. ಇನ್ನೊಂದು ಕಡೆ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ 1989-90ರಲ್ಲಿ 779 ತಾಯಿ-ಮಗು ಜೋಡಿಗಳ ಅಧ್ಯಯನ ಶುರುವಾಯ್ತು, ಅಲ್ಲಿನ ಅಮ್ಮಂದಿರು ವಾರಕ್ಕೆ ಸುಮಾರು 12 ಸಲ ಸಮುದ್ರದ ಮೀನು ತಿಂತಿದ್ರು, ಆದ್ರೂ ಮಕ್ಕಳಲ್ಲಿ ಅಂಥಾ ಹಾನಿ ಕಾಣಿಸಲಿಲ್ಲ. ಮೀನಲ್ಲಿರೋ ಒಮೆಗಾ-3 ಅನ್ನೋ ಒಳ್ಳೇ ಕೊಬ್ಬು, ಅದರಲ್ಲೂ ಡಿಎಚ್‌ಎ ಅನ್ನೋ ಬಗೆ, ಮಗುವಿನ ಮೆದುಳಿಗೆ ಬೇಕಾದ್ದು, ಅದನ್ನ ಕಿತ್ಕೊಂಡ್ರೆ ಅದೂ ನಷ್ಟವೇ. ಅದಕ್ಕೇ ಎಫ್‌ಡಿಎ ಬಸುರಿಯರಿಗೆ ಪಾದರಸ ಕಮ್ಮಿ ಇರೋ ಮೀನನ್ನ ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಅಂತಲೇ ಹೇಳೋದು. ನನ್ ತಂಗಿಗೆ ನಾನು ಓದಿ ಹೇಳಿದ್ದು ಇದೇ ಸಾಲು, ಮಾರನೇ ದಿನ ಮನೆಗೆ ಬೂತಾಯಿ ಬಂತು, ಕುಚ್ಚಲಕ್ಕಿ ಅನ್ನಕ್ಕೆ ಪುಳಿಮುಂಚಿ ಹಾಕ್ಕೊಂಡು ಅವಳು ತಲೆ ಎತ್ತದೆ ತಿಂದಿದ್ದು ಇನ್ನೂ ಕಣ್ಮುಂದಿದೆ.

ಸಂಶೋಧನೆ ಸುಮ್ನೆ ಹೆದರಿಸ್ತಿದೆ ಅಂತಾನೂ ಅನ್ಕೋಬೇಡಿ. ಜಪಾನಿನ ಮಿನಮಾಟಾದಲ್ಲಿ ಚಿಸ್ಸೋ ಫ್ಯಾಕ್ಟರಿ 1932ರಿಂದ 1968ರ ತನಕ ಪಾದರಸ ಇದ್ದ ತ್ಯಾಜ್ಯ ನೀರನ್ನ ಸಮುದ್ರಕ್ಕೆ ಬಿಟ್ಟಿತ್ತು, ಮನೆಯ ಬೆಕ್ಕುಗಳು ಮೀನು ತಿಂದು ಸುತ್ತಿ ಸುತ್ತಿ ಬಿದ್ದು ಸತ್ವು, 1956ರಲ್ಲಿ ಕಾಯಿಲೆ ಅಧಿಕೃತವಾಗಿ ಗೊತ್ತಾಯ್ತು. ತಮಗೆ ಹೆಚ್ಚೇನೂ ಆಗದ ಅಮ್ಮಂದಿರ ಹೊಟ್ಟೆಯಿಂದ ತೀವ್ರ ತೊಂದರೆ ಇರೋ ಮಕ್ಕಳು ಹುಟ್ಟಿದ್ವು, ಮಾಸು ಈ ವಿಷವನ್ನ ತಡೆಯಲ್ಲ ಅಂತ ಜಗತ್ತು ಕಲಿತಿದ್ದು ಅಲ್ಲಿ. ನಮ್ಮ ಕಾರವಾರದಲ್ಲೂ ಕಾಸ್ಟಿಕ್ ಸೋಡಾ ಘಟಕವೊಂದರ ಸುತ್ತ ಪಾದರಸ ಅಳೆದ ಸಂಶೋಧನೆ 1990ರಲ್ಲೇ ಬಂದಿದೆ. ಹಾಗಾಗಿ ಫ್ಯಾಕ್ಟರಿ ನೀರು ಬಂದು ಸೇರೋ ಕಡೆ ಹಿಡಿದ ಮೀನು, ಆರಿಸಿದ ಮರುವಾಯಿ ಬೇಡವೇ ಬೇಡ.

ಅಡುಗೆಯಲ್ಲಿ ಇದನ್ನ ತೆಗೆಯೋಕಾಗಲ್ಲ. ಉಪ್ಪು ಹುಣಸೆ ಹಾಕಿ ಎಷ್ಟು ತೊಳೆದ್ರೂ, ಚರ್ಮ ಕೊಬ್ಬು ಕೆರೆದು ತೆಗೆದ್ರೂ, ಕಪ್ಪಗೆ ಹುರಿದ್ರೂ ಹೋಗಲ್ಲ, ಯಾಕಂದ್ರೆ ಅದು ಕೂತಿರೋದು ಮಾಂಸದ ಪ್ರೋಟೀನ್‌ಗೆ ಅಂಟಿಕೊಂಡು. ದೇಹದಿಂದ ಹೋಗೋಕೂ ನಿಧಾನ, ಅರ್ಧ ಕಮ್ಮಿ ಆಗೋಕೇ ಸುಮಾರು 50 ದಿನ ಬೇಕು, ಹಾಗಾಗಿ ಮಗು ಬೇಕು ಅಂತ ಪ್ಲ್ಯಾನ್ ಮಾಡ್ತಿರೋರು ಆರು ತಿಂಗಳು ಮುಂಚೆನೇ ಶಾರ್ಕ್, ದೊಡ್ಡ ಟ್ಯೂನಾ ನಿಲ್ಲಿಸಿ, ದೊಡ್ಡ ಅಂಜಲ್ ಕಮ್ಮಿ ಮಾಡಿ.

ಮಕ್ಕಳಿಗೆ ವಾರಕ್ಕೆ ಎರಡು ಸಲ ಕಮ್ಮಿ ಪಾದರಸದ ಮೀನು ಕೊಡಿ, ಒಂದರಿಂದ ಮೂರು ವರ್ಷದವರಿಗೆ ಒಂದು ಸಲಕ್ಕೆ 28 ಗ್ರಾಂ, ನಾಲ್ಕರಿಂದ ಏಳಕ್ಕೆ 57, ಎಂಟರಿಂದ ಹತ್ತಕ್ಕೆ 85, ಹನ್ನೊಂದಕ್ಕೆ 113, ಮುಳ್ಳು ಬಿಡಿಸಿ.

ವರ್ಷಾನುಗಟ್ಟಲೆ ದಿನಾ ದೊಡ್ಡ ಮೀನೇ ತಿಂದಿದೀನಿ, ಬೆರಳು ಜೋಮು ಹಿಡಿಯುತ್ತೆ ಅನ್ನೋರು ಡಾಕ್ಟರ್ ಹತ್ರ ಹೋಗಿ ರಕ್ತ ಅಥವಾ ಕೂದಲಿನ ಪಾದರಸ ಟೆಸ್ಟ್ ಕೇಳಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ, ಬುಡದ ಮೂರು ಸೆಂಟಿಮೀಟರ್‌ನಲ್ಲಿ ಮೂರು ತಿಂಗಳ ಊಟದ ಲೆಕ್ಕ ಸಿಗುತ್ತೆ. ಹೋಗುವಾಗ ನೀವು ಹಚ್ಕೊಳ್ಳೋ ಫೇರ್‌ನೆಸ್ ಕ್ರೀಮ್ ಡಬ್ಬನೂ ತಗೊಂಡು ಹೋಗಿ, 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಕಿಡ್ನಿ ತೊಂದ್ರೆ ಬಂದ ಹಲವರಲ್ಲಿ ಪಾದರಸ ಸೇರಿದ್ದು ಅಂಥಾ ಕ್ರೀಮ್‌ನಿಂದ, ಮೀನಿಂದಲ್ಲ.