ಹಳದಿ ಹೂವಿನ ಬದನೆ ಬಂಧುಗಳು: ಗುರುತು ಹಿಡಿಯುವುದು ಹೇಗೆ?

ಬದನೆ ಕುಟುಂಬದ ಹೂವೆಂದರೆ ಸಾಮಾನ್ಯವಾಗಿ ಬದನೆಯ ನೇರಳೆ, ಗಣಿಕೆ ಸೊಪ್ಪಿನ ಬಿಳಿ ನೆನಪಾಗುತ್ತದೆ. ಹಳದಿ ಹೂ ಬಿಡುವ ಕಾಡುಗಿಡಗಳು ನಮ್ಮ ಕಡೆ ಬೆರಳೆಣಿಕೆಯಷ್ಟು. ಆದರೆ ಆ ಕೆಲವರಲ್ಲೇ ಮಕ್ಕಳು ಕಿತ್ತು ತಿನ್ನುವ ಗುಪ್ಪಟೆ ಹಣ್ಣು ಇದೆ, ಔಷಧಿಯ ಅಶ್ವಗಂಧ ಇದೆ, ಪ್ರಾಣ ತೆಗೆಯುವ ಕಾಡು ಹೊಗೆಸೊಪ್ಪೂ ಇದೆ. ಬರೀ ಹಳದಿ ಬಣ್ಣ ನೋಡಿ ತೀರ್ಮಾನಕ್ಕೆ ಬಂದರೆ ಮೋಸ ಹೋಗುತ್ತೀರಿ. ನೋಡಬೇಕಾದ್ದು ಹೂವಿನ ಬೆನ್ನನ್ನು.

ಬೇಕಾಗುವ ಸಾಮಾನು ಹೆಚ್ಚಿಲ್ಲ: 10 ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಹೊಸ ಬ್ಲೇಡು, ಸ್ಕೇಲು, ಒಂದು ಬಿಳಿ ಹಾಳೆ. ಮುಂಗಾರು ಹಿಡಿದ ಮೇಲೆ ರಾಗಿ, ಜೋಳದ ಹೊಲದ ಬದುಗಳಲ್ಲಿ ಹುಡುಕಿ. ಹೂವೂ ಕಾಯಿಯೂ ಒಂದೇ ಗಿಡದಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಬೇರೆ ಕುಟುಂಬದವರನ್ನು ಹೊರಗಿಡಿ. ಎಲೆಯನ್ನು ಮುರಿದು ನೋಡಿ. ಅರಿಶಿನದಂಥ ಹಳದಿ ರಸ ಒಸರಿದರೆ ಅದು ಅರಸಿನ ಉಮ್ಮತ್ತಿ. ಹೆಸರಲ್ಲಿ ಉಮ್ಮತ್ತಿ ಇದೆ, ಕಾಯಿಯಲ್ಲಿ ಮುಳ್ಳಿದೆ, ಹಾಗಾಗಿ ಬಹಳ ಜನ ಇದನ್ನು ಬದನೆ ಕುಟುಂಬದ ಮದ್ದುಗುಣಿಕೆಯ (ಉಮ್ಮತ್ತಿಯ) ತಮ್ಮನೆಂದೇ ನಂಬಿದ್ದಾರೆ. ನಿಜದಲ್ಲಿ ಇದು ಗಸಗಸೆಯ ಕುಟುಂಬ. ಎಸಳುಗಳು ಬಿಡಿಬಿಡಿ, ಕೇಸರಗಳು ಎಣಿಸಲಾಗದಷ್ಟು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಬೀಜದ ಎಣ್ಣೆ ಬೆರೆತು, ಮೈ ಬಾತು ಹಲವರು ಸತ್ತರು. ಬದನೆ ಕುಟುಂಬದ ಗಿಡಗಳಲ್ಲಿ ಹಾಲಾಗಲಿ ಬಣ್ಣದ ರಸವಾಗಲಿ ಬರುವುದಿಲ್ಲ.

ಇನ್ನು ಹೂವನ್ನು ಮೆಲ್ಲಗೆ ಹಿಡಿದು ಎಳೆಯಿರಿ. ಬದನೆ ಬಂಧುವಾದರೆ ಐದು ಎಸಳೂ ಒಂದೇ ತಟ್ಟೆಯಂತೆ ಕೂಡಿಕೊಂಡೇ ಬರುತ್ತವೆ, ಒಳಗೋಡೆಗೆ ಕೇಸರಗಳು ಅಂಟಿರುತ್ತವೆ. ತಂಗಡಿ ಹೂವಿನ ಎಸಳಾದರೆ ಒಂದೊಂದಾಗಿ ಕಳಚುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ, ಏಕೆಂದರೆ ತುತ್ತಿ ಗಿಡದ ಹಳದಿ ಹೂವೂ ಹೀಗೆ ಇಡಿಯಾಗಿಯೇ ಕೈಗೆ ಬರುತ್ತದೆ. ಎಡವುವುದು ಇಲ್ಲೇ. ಆದ್ದರಿಂದ ಕೇಸರಗಳನ್ನು ಎಣಿಸಿ: ಬದನೆ ಕುಟುಂಬದಲ್ಲಿ ಸಾಮಾನ್ಯವಾಗಿ ಐದೇ ಐದು, ಬಿಡಿಯಾಗಿ ನಿಂತಿರುತ್ತವೆ, ತುತ್ತಿಯಲ್ಲಿ, ದಾಸವಾಳದಲ್ಲಿರುವಂತೆ, ಹತ್ತಾರು ಕೇಸರಗಳು ನಡುವಿನ ಕಂಬಕ್ಕೆ ಸೇರಿಕೊಂಡಿರುತ್ತವೆ.

ಇನ್ನೊಂದು ಎಚ್ಚರ. ಸುಂಡೆ, ಗಣಿಕೆಗಳ ಹೂವಿನ ನಡುವೆ ಹಳದಿ ಕೇಸರದ ಗೊಂಚಲು ಎದ್ದು ಕಾಣುತ್ತದೆ. ದೂರದಿಂದ ಕಂಡವರು ಹಳದಿ ಹೂ ಎಂದು ಬರೆದುಕೊಳ್ಳುತ್ತಾರೆ. ಎಸಳಿನ ಬಣ್ಣ ಬೇರೆ, ಕೇಸರದ ಬಣ್ಣ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ನಕ್ಷತ್ರದಂತೆ ಚೂಪು ಎಸಳಿದ್ದು ಎಸಳೂ ಹಳದಿ, ಕೇಸರದ ಶಂಕುವೂ ಹಳದಿ, ಎಲೆ ಉಜ್ಜಿದರೆ ಗಾಢ ವಾಸನೆ ಬಂದರೆ ಅದು ತೋಟದಿಂದ ತಪ್ಪಿಸಿಕೊಂಡು ಬೆಳೆದ ಟೊಮೆಟೊ.

ಈಗ ಹೂವಿನ ಬೆನ್ನಿಗೆ ಬನ್ನಿ. ಬದನೆಕಾಯಿಯ ತೊಟ್ಟಿನ ಬಳಿ ಹಸಿರು ಟೊಪ್ಪಿ ಇರುತ್ತದಲ್ಲ, ಅದೇ ಪುಷ್ಪಪಾತ್ರೆ. ಹೂ ಉದುರಿದರೂ ಅದು ಉದುರುವುದಿಲ್ಲ. ಗುಪ್ಪಟೆಯಲ್ಲಿ (ಕೆಲವೆಡೆ ಬುಡ್ಡೆ ಹಣ್ಣು) ಈ ಟೊಪ್ಪಿ ಕಾಯಿಗಿಂತ ಜೋರಾಗಿ ಬೆಳೆದು, ಕಾಗದದ ಬುಡ್ಡೆಯಂತೆ ಉಬ್ಬಿ, ಕಾಯಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಲೆಯ ಕಂಕುಳಲ್ಲಿ ಒಂದೇ ಒಂದು ಹೂ, ಮುಖ ಕೆಳಗೆ ಮಾಡಿ ತೂಗುತ್ತಿರುತ್ತದೆ. ಬಗ್ಗಿ, ಬೆರಳಿಂದ ಎತ್ತಿ ನೋಡದಿದ್ದರೆ ಕಾಣುವುದೇ ಇಲ್ಲ. ತಿಳಿ ಹಳದಿ, ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಬುಡ್ಡೆಯನ್ನು ಮೆಲ್ಲಗೆ ಒತ್ತಿದರೆ ಒಳಗೆ ಗಾಳಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಗೋಲಿಯಂಥ ಕಾಯಿ, ಅದರೊಳಗೆ ತೆಳ್ಳನೆಯ ಚಪ್ಪಟೆ ಬೀಜಗಳ ರಾಶಿ. ಹೂವು ಇದಕ್ಕಿಂತ ದೊಡ್ಡದಿದ್ದು, ಎಸಳಿನ ಬುಡದಲ್ಲಿ ಐದು ಕಡುಕಂದು ಮಚ್ಚೆಗಳಿದ್ದು, ಗಿಡವೆಲ್ಲ ಮಖಮಲ್ಲಿನಂತೆ ಮೃದು ರೋಮದಿಂದ ಕೂಡಿದ್ದರೆ ಅದು ದಕ್ಷಿಣ ಅಮೆರಿಕದಿಂದ ಬಂದ ಕೇಪ್ ಗೂಸ್‌ಬೆರಿ. ನೀಲಗಿರಿಯಂಥ ತಂಪು ಗುಡ್ಡಗಳಲ್ಲಿ ತಾನಾಗಿ ಬೆಳೆದುಕೊಂಡಿದೆ.

ಬುಡ್ಡೆ ಇದ್ದದ್ದೆಲ್ಲ ಗುಪ್ಪಟೆಯಲ್ಲ. ಬೆಕ್ಕಿನ ಬುಡ್ಡೆ ಗಿಡ ಬಳ್ಳಿ, ಅದಕ್ಕೆ ಸುರುಳಿ ಕುಡಿಗಳಿವೆ, ಹೂ ಬಿಳಿ, ಬುಡ್ಡೆಗೆ ಮೂರು ಮೂಲೆ.

ಹೆಚ್ಚು ಗೊಂದಲ ಆಗುವುದು ಅಶ್ವಗಂಧದೊಂದಿಗೆ. ಇದನ್ನು ಹಿರೇಮದ್ದಿನ ಗಿಡ ಎಂದೂ ಕರೆಯುತ್ತಾರೆ. ಇದರ ಕಾಯಿಗೂ ಕಾಗದದಂಥ ಹೊದಿಕೆ ಉಂಟು. ಆದರೆ ಹೂಗಳು ಎಲೆಯ ಕಂಕುಳಲ್ಲಿ ನಾಲ್ಕೈದು ಒಟ್ಟಾಗಿ ಕೂತಿರುತ್ತವೆ, ಬಣ್ಣ ಹಸಿರು ಬೆರೆತ ಮಾಸಲು ಹಳದಿ, ಅರ್ಧ ಸೆಂಟಿಮೀಟರಿನಷ್ಟು ಗಾತ್ರ. ಹಣ್ಣು ಮಾಗಿದಾಗ ಕೆಂಪು, ಗುಪ್ಪಟೆಯದು ಹಳದಿ. ಎಳೆ ಕಾಂಡದ ಬೂದು ಧೂಳಿನಂಥದ್ದನ್ನು ಮಸೂರದಲ್ಲಿ ನೋಡಿ: ಒಂದೊಂದು ರೋಮವೂ ಕವಲೊಡೆದಿರುತ್ತದೆ. ಬೇರು ಮುರಿದರೆ ಬರುವ ಕುದುರೆ ವಾಸನೆಯಿಂದಲೇ ಗಿಡಕ್ಕೆ ಆ ಹೆಸರು. ಕೆಂಪಗೆ ಚೆಂದವಾಗಿದೆ ಎಂದು ಈ ಹಣ್ಣನ್ನು ಬಾಯಿಗೆ ಹಾಕಬಾರದು.

ಕಾಡು ಹೊಗೆಸೊಪ್ಪು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಣ ನೆಲದಲ್ಲಿ ಆಳೆತ್ತರ ಮೀರಿ ಬೆಳೆಯುವ ಪೊದೆ, ರೋಮವಿಲ್ಲದ ನೀಲಿಬೂದು ಎಲೆ, ಉಜ್ಜಿದರೆ ಅಳಿಸಿಹೋಗುವ ಮೇಣದ ಲೇಪ, ಕೊಂಬೆಯ ತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರಿನ ಹಳದಿ ನಳಿಗೆ ಹೂಗಳ ಗೊಂಚಲು. ಇದರಲ್ಲಿರುವ ಅನಾಬೇಸಿನ್ ಎಂಬ ವಿಷ ನಿಕೋಟಿನ್‌ನ ಹತ್ತಿರದ ಸಂಬಂಧಿ. ಸೊಪ್ಪೆಂದು ಬೇಯಿಸಿ ತಿಂದವರು ಸತ್ತದ್ದು ದಾಖಲಾಗಿದೆ. ಹೂವಿಲ್ಲದ ಕಾಲದಲ್ಲಿ ಎಳೆ ಗಿಡವನ್ನು ಕಂಡರೆ ಮೇಣದ ಲೇಪವನ್ನೇ ನೆನಪಿಡಿ, ಮುಟ್ಟಿದ ಕೈ ತೊಳೆಯಿರಿ.

ಗುಪ್ಪಟೆಯನ್ನು ತಿನ್ನುವುದಾದರೂ ಮೇಲೆ ಹೇಳಿದ ಗುರುತುಗಳೆಲ್ಲ ಹೊಂದಿದ ಮೇಲೆಯೇ, ಅದೂ ಬುಡ್ಡೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ. ಹಸಿರು ಕಾಯಿ, ಎಲೆ, ಬುಡ್ಡೆ ಯಾವುದೂ ತಿನ್ನುವಂಥದ್ದಲ್ಲ.

ಬಲ್ಲವರಿಗೆ ಫೋಟೊ ಕಳಿಸುವವರು ಹೂವಿನ ಮುಖವನ್ನಷ್ಟೇ ತೆಗೆಯುತ್ತಾರೆ. ಅದರಿಂದ ಯಾರಿಗೂ ಹೆಚ್ಚೇನೂ ಹೇಳಲಾಗುವುದಿಲ್ಲ. ಹೂವಿನ ಮುಖ, ಬೆನ್ನು, ಎಲೆ ಕಾಂಡಕ್ಕೆ ಸೇರುವ ಗಿಣ್ಣು, ಎಲೆಯ ಎರಡೂ ಬದಿ, ಸೀಳಿದ ಕಾಯಿ: ಇಷ್ಟನ್ನೂ ಬಿಳಿ ಹಾಳೆಯ ಮೇಲೆ, ಸ್ಕೇಲು ಪಕ್ಕದಲ್ಲಿಟ್ಟು ತೆಗೆಯಿರಿ. ಕಾಯಿ ಇನ್ನೂ ಕಟ್ಟಿಲ್ಲವೆಂದರೆ ಗಿಡಕ್ಕೆ ಬಣ್ಣದ ದಾರ ಕಟ್ಟಿ ಬನ್ನಿ, ಎರಡು ಮೂರು ವಾರ ಬಿಟ್ಟು ಮತ್ತೆ ಹೋಗಿ. ಅಷ್ಟರಲ್ಲಿ ಟೊಪ್ಪಿ ಉಬ್ಬಿದೆಯೋ ಇಲ್ಲವೋ ಗೊತ್ತಾಗಿರುತ್ತದೆ.