ಎಡಕ್ಕೆ ತಿರುಗಿದಾಗ ಮಾತ್ರ ಸಾಯುತ್ತಿದ್ದ ಟ್ರಕ್

ನನ್ನ ಕೈಗೆ ಬಂದಾಗ ಆ ರಿಮೋಟ್ ಟ್ರಕ್ಕಿನಲ್ಲಿ ಜೀವ ಇರಲಿಲ್ಲ. ಚಾಸಿ, ಸಸ್ಪೆನ್ಷನ್, ಗೇರ್‌ಬಾಕ್ಸ್, ನಾಲ್ಕು ಚಕ್ರ, ಬಣ್ಣ ಮಾಸಿದ ಒಂದು ಬಾಡಿ, ಅಷ್ಟೇ. ಗೆಳೆಯರೊಬ್ಬರು ಈ ಹವ್ಯಾಸ ಬಿಡುವಾಗ ಮೋಟಾರ್, ಬ್ಯಾಟರಿ, ರಿಮೋಟ್ ಎಲ್ಲವನ್ನೂ ಬೇರೆಯವರಿಗೆ ಮಾರಿ, ಉಳಿದ ಅಸ್ಥಿಪಂಜರವನ್ನು ನನಗೆ ಕೊಟ್ಟಿದ್ದರು. ಅದು ಟ್ರಾಕ್ಸಸ್ ಕಂಪನಿಯ ಸ್ಲ್ಯಾಷ್, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆ ಇರುವ ಮಾದರಿ. ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡುವ ಶಾರ್ಟ್ ಕೋರ್ಸ್ ರೇಸ್ ಟ್ರಕ್ಕುಗಳನ್ನು ಹತ್ತರಲ್ಲೊಂದು ಅಳತೆಗೆ ಇಳಿಸಿದ ರೂಪ. 2008ರಲ್ಲಿ ಈ ಸ್ಲ್ಯಾಷ್ ಬಂದ ಮೇಲೆಯೇ ಆರ್‌ಸಿ, ಅಂದರೆ ರಿಮೋಟಿನಿಂದ ಓಡಿಸುವ ಗಾಡಿಗಳ ಲೋಕದಲ್ಲಿ ಶಾರ್ಟ್ ಕೋರ್ಸ್ ಎಂಬ ವರ್ಗ ಗಟ್ಟಿಯಾಗಿ ಬೇರೂರಿತು. ಅಗಲವಾದ ಬಾಡಿ ಚಕ್ರಗಳನ್ನು ಮರೆಮಾಡಿಕೊಂಡಿರುತ್ತದೆ. ಬಂಪರ್ ಗಟ್ಟಿ. ಅಲ್ಲಿ ಇಲ್ಲಿ ಗುದ್ದಿದರೂ ಸುಲಭವಾಗಿ ಮುರಿಯುವುದಿಲ್ಲ. ಅಂಥ ದೇಹಕ್ಕೆ ನರ, ಹೃದಯ, ಮಿದುಳು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಮೋಟಾರಿನ ಲೆಕ್ಕ. ಬ್ರಷ್‌ಲೆಸ್ ಮೋಟಾರುಗಳ ಮೈಮೇಲೆ 3652, 3660 ಎಂದು ಬರೆದಿರುತ್ತದೆ. ಮೊದಲ ಎರಡು ಅಂಕಿ ವ್ಯಾಸ, ಕೊನೆಯ ಎರಡು ಉದ್ದ, ಎರಡೂ ಮಿಲಿಮೀಟರಿನಲ್ಲಿ. ಕೆವಿ ಎನ್ನುವುದು ಕಿಲೋವೋಲ್ಟ್ ಅಲ್ಲ. ಭಾರ ಇಲ್ಲದಾಗ ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಳತೆ. ನಾನು ಆರಿಸಿಕೊಂಡದ್ದು 3660 ಗಾತ್ರದ, 3200 ಕೆವಿಯ, ತಿರುಗುವ ಭಾಗ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಇಲ್ಲದ ಮೋಟಾರ್. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ 7.4 ವೋಲ್ಟಿಗೆ ಇದು ಸುಮಾರು 23,700 ಸುತ್ತು. ಮೂರು ಸೆಲ್ ಹಾಕಿದರೆ 35,500 ದಾಟುತ್ತದೆ. ಹಳೆಯ ಪ್ಲಾಸ್ಟಿಕ್ ಗೇರುಗಳಿಗೆ ಆ ಶಿಕ್ಷೆ ಬೇಡವೆನಿಸಿ ಎರಡು ಸೆಲ್ಲಿಗೇ ನಿಂತೆ. ಸೆನ್ಸರ್ ಇರುವ ಮೋಟಾರ್ ನಿಧಾನದ ಓಟದಲ್ಲಿ ನಯವಾಗಿರುತ್ತದೆ, ನಿಜ. ಆದರೆ ನಾನು ಓಡಿಸುವುದು ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದಲ್ಲಿ. ಅಲ್ಲಿನ ಹಿಟ್ಟಿನಂಥ ಧೂಳಿಗೆ ಆ ತೆಳು ಸೆನ್ಸರ್ ತಂತಿಯೂ ಅದರ ಸಣ್ಣ ಪ್ಲಗ್ಗೂ ಇನ್ನೊಂದು ದುರ್ಬಲ ಜಾಗವಾಗುತ್ತವೆ.

ಉಳಿದ ಸಾಮಾನುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. 12 ಗೇಜಿನ ಸಿಲಿಕೋನ್ ತಂತಿ ಕೆಂಪು ಒಂದು ಮೀಟರ್, ಕಪ್ಪು ಒಂದು ಮೀಟರ್, ಬ್ಯಾಟರಿಗೆ ಎಕ್ಸ್‌ಟಿ 60 ಕನೆಕ್ಟರುಗಳು, ಶಾಖಕ್ಕೆ ಕುಗ್ಗಿ ತಂತಿಯನ್ನು ಅಪ್ಪುವ ಹೀಟ್ ಶ್ರಿಂಕ್ ಕೊಳವೆ, 63/37 ಬೆಸುಗೆ ತಂತಿ. ಸೀಸ ಮತ್ತು ತವರದ ಈ ಮಿಶ್ರಣ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ಅರೆಗಟ್ಟಿಯಾದ ಸ್ಥಿತಿಯಲ್ಲಿ ಕೈ ಅಲುಗಿ ಬೆಸುಗೆ ಕೆಡುವ ಭಯ ಕಡಿಮೆ.

ಮನೆಗೆ ಬಂದವನೇ ಬೆಸುಗೆ ಕಡ್ಡಿ ಕಾಯಿಸಲು ಕೂರಲಿಲ್ಲ. ಎರಡು ಸಂಜೆ ಬರೀ ಜೋಡಿಸಿ ನೋಡುವುದರಲ್ಲಿ ಕಳೆದೆ. ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ, ಎಲ್ಲಿ ಕೂರಬೇಕು? ಅದರ ಮೇಲಿನ ಫ್ಯಾನಿಗೆ ಗಾಳಿ ಸಿಗಬೇಕು, ಮೋಟಾರಿನ ಮೂರು ತಂತಿಗಳು ಚಿಕ್ಕದಾಗಿರಬೇಕು, ಬ್ಯಾಟರಿಯ ತಂತಿ ತಿರುಗುವ ಗೇರಿನ ಬಳಿ ಸುಳಿಯಬಾರದು. ಕಾಗದದ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಸಸ್ಪೆನ್ಷನನ್ನು ಕೈಯಿಂದ ಪೂರ್ತಿ ಅದುಮಿ, ಪೂರ್ತಿ ಎತ್ತಿ, ಸ್ಟೀರಿಂಗನ್ನು ಎರಡೂ ಕಡೆಗೆ ತಿರುಗಿಸಿ, ಬಾಡಿಯನ್ನು ಮೇಲೆ ಕೂರಿಸಿ ನೋಡಿದೆ. ಮೊದಲ ಸಲ ಬಾಡಿಯ ಒಳಮೈ ಫ್ಯಾನಿಗೆ ತಾಗುತ್ತಿತ್ತು. ಇಎಸ್‌ಸಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಬೆಸುಗೆ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ ಮೂರೂ ತಂತಿಗಳನ್ನು ಬಿಚ್ಚಬೇಕಾಗುತ್ತಿತ್ತು.

ಬೆಸುಗೆಯಲ್ಲಿ ನನಗೆ ಉಪಯೋಗಕ್ಕೆ ಬಂದ ಒಂದು ಅಭ್ಯಾಸವಿದೆ. ಎಕ್ಸ್‌ಟಿ 60ರ ಗಂಡು ಭಾಗಕ್ಕೆ ಬೆಸುಗೆ ಹಾಕುವಾಗ ಹೆಣ್ಣು ಭಾಗವನ್ನು ಅದಕ್ಕೆ ಸಿಕ್ಕಿಸಿಯೇ ಇಟ್ಟಿರಬೇಕು. ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನುಗಳು ಓರೆಯಾಗುವುದಿಲ್ಲ. ದಪ್ಪ ತಂತಿಗೆ 25 ವ್ಯಾಟಿನ ಕಡ್ಡಿ ಸಾಲದು. ಅಗಲ ಮೂತಿಯ 60 ವ್ಯಾಟಿನ ಕಡ್ಡಿ ಬೇಕು, ಬೇಗ ಬಿಸಿ ಮಾಡಿ ಬೇಗ ತೆಗೆಯಬೇಕು. ಹೀಟ್ ಶ್ರಿಂಕ್ ತುಂಡನ್ನು ಮೊದಲೇ ತಂತಿಗೆ ಪೋಣಿಸಿಕೊಂಡಿರಬೇಕು. ಬ್ಯಾಟರಿ ಸಿಕ್ಕಿಸುವ ಮುನ್ನ ಮಲ್ಟಿಮೀಟರಿನಿಂದ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದು ನೋಡದೆ ನಾನು ಈವರೆಗೆ ಯಾವ ಗಾಡಿಗೂ ವಿದ್ಯುತ್ ಕೊಟ್ಟಿಲ್ಲ. ಧ್ರುವ ಅದಲುಬದಲಾದರೆ ಇಎಸ್‌ಸಿ ಕ್ಷಣದಲ್ಲಿ ಸುಡುತ್ತದೆ. ಮೋಟಾರಿನ ಮೂರು ತಂತಿಗಳ ವಿಷಯ ಹಾಗಲ್ಲ. ಸೆನ್ಸರ್ ಇಲ್ಲದ ಮೋಟಾರ್ ಹಿಮ್ಮುಖವಾಗಿ ತಿರುಗಿದರೆ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು.

ಪಿನಿಯನ್, ಅಂದರೆ ಮೋಟಾರಿನ ತುದಿಯ ಸಣ್ಣ ಗೇರು, ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ನಡುವೆ ದಿನಪತ್ರಿಕೆಯ ಒಂದು ಪಟ್ಟಿ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದೆ. ಕಾಗದವನ್ನು ಉರುಳಿಸಿ ತೆಗೆದ ಮೇಲೆ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಉಳಿಯುತ್ತದೆ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ಸಡಿಲವಾಗದಂತೆ ನೀಲಿ ಥ್ರೆಡ್‌ಲಾಕ್ ಅಂಟು ಹಾಕಿದೆ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗಳಿಗೆ ಹಾಕಬಾರದು, ಕೆಲವು ಪ್ಲಾಸ್ಟಿಕ್ ಅದಕ್ಕೆ ಸೀಳುತ್ತದೆ.

ಸ್ಟೀರಿಂಗಿಗೆ ಲೋಹದ ಗೇರಿನ, 15 ಕೆಜಿ ಬಲದ ಸರ್ವೋ, ಅಂದರೆ ಮುಂಚಕ್ರಗಳನ್ನು ತಿರುಗಿಸುವ ಪುಟ್ಟ ಮೋಟಾರ್ ಪೆಟ್ಟಿಗೆ, ತಂದಿದ್ದೆ. ಅದನ್ನು ಚಾಸಿಗೆ ಬಿಗಿದೆ, ಮುಂಚಕ್ರಗಳನ್ನು ಕೈಯಿಂದ ನೇರ ಮಾಡಿಕೊಂಡು ಸರ್ವೋದ ತುದಿಗೆ ಹಾರ್ನ್ ಎಂಬ ಅಲ್ಯೂಮಿನಿಯಂ ತೋಳು ಕೂರಿಸಿದೆ, ಕಡ್ಡಿ ಜೋಡಿಸಿದೆ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಮುಚ್ಚಳದ ಪೆಟ್ಟಿಗೆಯೊಳಗಿಟ್ಟು, ತಂತಿ ಹೊರಬರುವ ಜಾಗಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ ಮುಚ್ಚಿದೆ. ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿನ ರಿಮೋಟ್, ಆನ್ ಮಾಡಿದಾಗ ಚಕ್ರಗಳು ತುಸು ಎಡಕ್ಕೆ ವಾಲಿದ್ದವು. ನಡುಸ್ಥಾನವನ್ನು ತುಸು ಸರಿಸುವ ಟ್ರಿಮ್ ಗುಂಡಿ ತಿರುಗಿಸಿ ನೇರ ಮಾಡಿದೆ. ಟ್ರಕ್ಕನ್ನು ಮರದ ಮಣೆಯ ಮೇಲೆ ಚಕ್ರ ಎತ್ತಿಟ್ಟು ಇಎಸ್‌ಸಿಗೆ ಥ್ರಾಟಲಿನ ಮೂರು ಸ್ಥಾನಗಳನ್ನು ಕಲಿಸಿದೆ. ಎಲ್ಲವೂ ಸರಿಯಾಗಿ ಕೆಲಸ ಮಾಡಿತು.

ಆ ಭಾನುವಾರ ಕೆರೆಯಂಗಳದಲ್ಲಿ ಹತ್ತು ನಿಮಿಷ ಅದು ಓಡಿದ ಚೆಂದ ಈಗಲೂ ಕಣ್ಣಿನಲ್ಲಿದೆ. ಬಿರುಕು ಬಿಟ್ಟ ಕೆಸರುಗಡ್ಡೆಗಳ ಮೇಲೆ ಕುಪ್ಪಳಿಸುತ್ತಾ ಹಿಂದೆ ಧೂಳಿನ ಗೋಡೆ ಎಬ್ಬಿಸುತ್ತಿತ್ತು. ಹನ್ನೊಂದನೆಯ ನಿಮಿಷಕ್ಕೆ ಎಡಕ್ಕೆ ತಿರುಗಿಸಿ ವೇಗ ಕೊಟ್ಟೆ. ಟ್ರಕ್ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಮೋಟಾರಿನ ಸದ್ದು ಅಡಗಿತು, ಟ್ರಕ್ ಉರುಳಿಕೊಂಡು ಹೋಗಿ ಏರಿಯ ಕಲ್ಲಿಗೆ ಗುದ್ದಿತು. ನಾನು ಓಡಿ ಹತ್ತಿರ ಹೋಗುವಷ್ಟರಲ್ಲಿ ಮತ್ತೆ ಸರಿಯಾಗಿ ಕೆಲಸ ಮಾಡುತ್ತಿತ್ತು.

ಸಿಗ್ನಲ್ ತಪ್ಪಿದೆ ಎಂದುಕೊಂಡೆ. ಇದು ಸಹಜವಾದ ಅನುಮಾನ, ಅದಕ್ಕೇ ಅದರ ಬೆನ್ನು ಹತ್ತಿ ಎರಡು ವಾರ ಕಳೆದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ರಿಸೀವರಿನ ಆಂಟೆನಾದ ತುದಿಯಲ್ಲಿ ಹೊದಿಕೆಯಿಲ್ಲದೆ ಕಾಣುವ ಭಾಗ ಅದರ ಕಾಲು ಪಾಲು, ಸುಮಾರು 31 ಮಿಲಿಮೀಟರ್. ಅಲೆಯನ್ನು ಹಿಡಿಯುವುದು ಅಷ್ಟೇ ಭಾಗ. ಅದನ್ನು ಕತ್ತರಿಸಬಾರದು, ಸುತ್ತಿಡಬಾರದು, ಬ್ಯಾಟರಿ ತಂತಿಯ ಪಕ್ಕ ಮಲಗಿಸಬಾರದು. ನನ್ನದು ತುಸು ಬಾಗಿತ್ತು. ಹೊಸ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಸಿಗ್ನಲ್ ನಿಜವಾಗಿ ತಪ್ಪಿದರೆ ಬ್ರೇಕ್ ಬೀಳುವಂತೆ ಫೇಲ್‌ಸೇಫ್ ಹೊಂದಿಸಿದೆ. ಈ ಎರಡೂ ಹೇಗಿದ್ದರೂ ಮಾಡಲೇಬೇಕಾದ ಕೆಲಸ. ಆದರೆ ಮುಂದಿನ ಭಾನುವಾರವೂ ಬ್ಯಾಟರಿ ಮುಗಿಯುತ್ತಾ ಬಂದಾಗ ಅದೇ ತೊಂದರೆ ಬಂತು, ಅದೂ ನಾನು ನಿಂತ ಜಾಗದಿಂದ ಹದಿನೈದು ಹೆಜ್ಜೆಯಲ್ಲಿ.

ದಾರಿ ತೋರಿಸಿದವರು ನಮ್ಮ ಬೀದಿಯ ಕೊನೆಯಲ್ಲಿ ಆಟೋ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಹಿರಿಯರು. ನಾನು ಅವರ ಅಂಗಡಿಗೆ ಹೋದದ್ದು ಒಂದು ಫ್ಯೂಸಿಗಾಗಿ, ಟ್ರಕ್ ಕೈಯಲ್ಲಿತ್ತು. ಅವರು ಅದನ್ನು ಬೆಂಚಿನ ಮೇಲಿಟ್ಟು, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ಹಿಡಿಯಲು ನನಗೆ ಹೇಳಿ, ಕಿವಿ ಹತ್ತಿರ ತಂದರು. "ಸರ್, ಬಲಕ್ಕೆ ಹಿಡಿದರೆ ಸುಮ್ಮನಿದೆ. ಎಡಕ್ಕೆ ಹಿಡಿದರೆ ಒಳಗೆ ಏನೋ ನರಳುತ್ತದೆ, ಕೇಳಿಸುತ್ತಿದೆಯೇ?" ಎಂದರು. ಕೇಳಿಸಿತು. ಆ ಸಣ್ಣ ಗುಂಯ್ ಸದ್ದು ಮೊದಲ ದಿನದಿಂದಲೂ ಇತ್ತು, ಸರ್ವೋ ಎಂದರೆ ಹೀಗೇ ಎಂದು ನಾನು ಅಂದುಕೊಂಡಿದ್ದೆ.

ಮನೆಗೆ ಬಂದು ರಿಸೀವರಿನ ಖಾಲಿ ಚಾನೆಲ್ಲಿಗೆ ಮಲ್ಟಿಮೀಟರ್ ಸಿಕ್ಕಿಸಿದೆ. ಸ್ಟೀರಿಂಗ್ ನೇರವಿದ್ದಾಗ 6.0 ವೋಲ್ಟ್. ಬಲಕ್ಕೆ ಹಿಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಎಡಕ್ಕೆ ಹಿಡಿದರೆ 5.3. ರೋಗದ ಮೂಲ ಅಲ್ಲಿತ್ತು. ಸರ್ವೋದ ತುದಿಯಲ್ಲಿ 25 ಹಲ್ಲುಗಳಿವೆ, ಅಂದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ 14.4 ಡಿಗ್ರಿ. ವಿದ್ಯುತ್ ಇಲ್ಲದ ಸರ್ವೋ ಎಲ್ಲಿ ನಿಂತಿರುತ್ತದೆಯೋ ಅದು ಅದರ ನಡುಸ್ಥಾನ ಅಲ್ಲ. ನಾನು ಹಾರ್ನ್ ಕೂರಿಸಿದ್ದು ಒಂದು ಹಲ್ಲು ಆಚೆಗೆ. ಟ್ರಿಮ್ಮಿನಿಂದ ಚಕ್ರ ನೇರವಾಯಿತು, ಆದರೆ ಸರ್ವೋದ ಓಟ ಎಡಕ್ಕೆ ಜಾಸ್ತಿಯಾಯಿತು, ಬಲಕ್ಕೆ ಕಡಿಮೆಯಾಯಿತು. ಎಡಕ್ಕೆ ತಿರುಗಿಸಿದಾಗ ಚಕ್ರದ ತೋಳು ತನ್ನ ಮಿತಿಗೆ ತಾಗಿ ನಿಂತ ಮೇಲೂ ಸರ್ವೋ ಇನ್ನೂ ತಳ್ಳುತ್ತಲೇ ಇತ್ತು. ಇಂಥ ಒತ್ತಡದಿಂದ ಸರ್ವೋವನ್ನು ಕಾಯುವ ಸೇವರ್ ಎಂಬ ಭಾಗದ ಸ್ಪ್ರಿಂಗನ್ನು ನಾನೇ ಬಿಗಿ ಮಾಡಿದ್ದರಿಂದ ಅದೂ ಬಿಟ್ಟುಕೊಡುತ್ತಿರಲಿಲ್ಲ. ತಡೆದು ನಿಲ್ಲಿಸಿದ ಸರ್ವೋ ಕರೆಂಟನ್ನು ಕುಡಿಯುತ್ತದೆ.

ಬ್ಯಾಟರಿ ಕೊನೆಯ ಹಂತಕ್ಕೆ ಬಂದಾಗಲೇ ಏಕೆ ಹೀಗಾಗುತ್ತಿತ್ತು ಎಂಬುದಕ್ಕೂ ಇದರಲ್ಲೇ ಉತ್ತರ ಸಿಕ್ಕಿತು. ರಿಸೀವರಿಗೂ ಸರ್ವೋಗೂ 6 ವೋಲ್ಟ್ ಕೊಡುವುದು ಇಎಸ್‌ಸಿಯೊಳಗಿನ ಬಿಇಸಿ ಎಂಬ ಸರ್ಕ್ಯೂಟ್. ಅದು ಬ್ಯಾಟರಿಯ ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ತುಂಬಿದ ಎರಡು ಸೆಲ್ 8.4 ವೋಲ್ಟ್ ಇರುತ್ತದೆ, ಧಾರಾಳ. ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಬ್ಯಾಟರಿಯಿಂದ ಮೋಟಾರ್ ಒಮ್ಮೆಲೇ ಕರೆಂಟ್ ಎಳೆದರೆ ವೋಲ್ಟೇಜು 6ರ ಹತ್ತಿರಕ್ಕೆ ಕುಸಿಯುತ್ತದೆ. ಅದೇ ಕ್ಷಣದಲ್ಲಿ ಸರ್ವೋ ಎಡಕ್ಕೆ ಹಟ ಹಿಡಿದಿದ್ದರೆ ರಿಸೀವರಿಗೆ ಉಳಿಯುವುದು ಏನೂ ಇಲ್ಲ. ಅದು ಆರಿಹೋಗಿ ಮತ್ತೆ ಎದ್ದು ಟ್ರಾನ್ಸ್‌ಮಿಟರನ್ನು ಹುಡುಕಿಕೊಳ್ಳಲು ಒಂದೆರಡು ಸೆಕೆಂಡ್ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಟ್ರಕ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಷ್ಟರೊಳಗೆ ಏರಿಯ ಕಲ್ಲು ಸಿಕ್ಕೇ ಸಿಗುತ್ತದೆ.

ಹಾರ್ನ್ ಬಿಚ್ಚಿದೆ. ಟ್ರಿಮ್ಮನ್ನು ಸೊನ್ನೆಗೆ ತಂದೆ. ಟ್ರಾನ್ಸ್‌ಮಿಟರ್ ಮೊದಲು, ಟ್ರಕ್ ಆಮೇಲೆ ಆನ್ ಮಾಡಿ ಸರ್ವೋ ತಾನಾಗಿ ನಡುವಿಗೆ ಬಂದು ನಿಲ್ಲಲು ಬಿಟ್ಟೆ. ಆಗ ಹಾರ್ನನ್ನು ಸಾಧ್ಯವಾದಷ್ಟು ನೇರವಾಗಿ ಕೂರಿಸಿದೆ. ಅರ್ಧ ಹಲ್ಲಿನಷ್ಟು ಉಳಿದ ಓರೆಯನ್ನು ಟ್ರಿಮ್ಮಿನಿಂದಲ್ಲ, ಸ್ಟೀರಿಂಗ್ ಕಡ್ಡಿಯ ಉದ್ದ ಬದಲಿಸಿ ಸರಿಮಾಡಿದೆ. ಆಮೇಲೆ ಟ್ರಾನ್ಸ್‌ಮಿಟರಿನ ಎಂಡ್‌ಪಾಯಿಂಟ್‌ಗಳನ್ನು, ಅಂದರೆ ಸರ್ವೋ ಪ್ರತಿ ಕಡೆಗೂ ಎಷ್ಟು ತಿರುಗಬಹುದೆಂಬ ಮಿತಿಗಳನ್ನು, ಒಂದೊಂದೇ ಹೆಜ್ಜೆ ಇಳಿಸುತ್ತಾ, ಎರಡೂ ಕಡೆ ನರಳುವ ಸದ್ದು ನಿಲ್ಲುವ ಜಾಗದಲ್ಲಿ ನಿಲ್ಲಿಸಿದೆ. ಸೇವರಿನ ಸ್ಪ್ರಿಂಗನ್ನು ಸಡಿಲ ಬಿಟ್ಟೆ. ಕ್ಷಣಿಕ ಕುಸಿತಕ್ಕೆ ಆಸರೆಯಾಗಲಿ ಎಂದು 4700 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಒಂದನ್ನು ರಿಸೀವರಿನ ಖಾಲಿ ಚಾನೆಲ್ಲಿಗೆ ಸಿಕ್ಕಿಸಿದೆ. ಅದರ ಋಣ ಕಾಲನ್ನು ಕಪ್ಪು ತಂತಿಗೇ ಸೇರಿಸಬೇಕು. ಮತ್ತೆ ಮಲ್ಟಿಮೀಟರ್ ಹಿಡಿದೆ. ಎಡಕ್ಕೆ 5.9, ಬಲಕ್ಕೆ 5.9.

ಮರುದಿನ ಆ ಹಿರಿಯರಿಗೆ ತೋರಿಸಲು ಹೋದೆ. ಅವರು ಸದ್ದು ಕೇಳಿ ತಲೆಯಾಡಿಸಿದರು, ಆಮೇಲೆ ನನ್ನ ತಂತಿಗಳನ್ನು ನೋಡಿದರು. ಎಲ್ಲವನ್ನೂ ನಾನು ವೀಣೆಯ ತಂತಿಯಂತೆ ಎಳೆದು ಕಟ್ಟಿದ್ದೆ. "ಅಲುಗುವ ಕಡೆ ಜೋಲು ಬಿಡಿ, ಅಲುಗದ ಕಡೆ ಕಟ್ಟಿ," ಎಂದು ಅವರೇ ಎರಡು ಜಿಪ್ ಟೈ ಕತ್ತರಿಸಿ, ಮೋಟಾರಿನ ತಂತಿಗಳಿಗೆ ಒಂದು ಸಣ್ಣ ಬಳುಕು ಕೊಟ್ಟು ಚಾಸಿಯ ಅಂಚಿಗೆ ಬಿಗಿದುಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಆಗಿನಿಂದ ಸುಮಾರು ನಲವತ್ತು ಬ್ಯಾಟರಿ ಓಡಿಸಿದ್ದೇನೆ. ಟ್ರಕ್ ಒಮ್ಮೆಯೂ ಕೈತಪ್ಪಿಲ್ಲ. ಓಟ ಮುಗಿದ ತಕ್ಷಣ ಮೋಟಾರಿನ ಶಾಖ ಅಳೆಯುತ್ತೇನೆ. 80 ಡಿಗ್ರಿಯ ಹತ್ತಿರ ಹೋದ ದಿನ ಪಿನಿಯನ್ನಿನಲ್ಲಿ ಎರಡು ಹಲ್ಲು ಕಡಿಮೆ ಮಾಡಿದೆ, 65ಕ್ಕೆ ಇಳಿಯಿತು. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಎತ್ತಿಡುತ್ತೇನೆ. ಇಎಸ್‌ಸಿಯ ಫ್ಯಾನಿನ ಬೇರಿಂಗಿಗೆ ಕೆರೆಯ ಧೂಳು ಹೊಕ್ಕು ಈಗ ಕಿರುಗುಟ್ಟಲು ಶುರುವಾಗಿದೆ. ಬದಲಿ ಫ್ಯಾನ್ ತಂದಿಟ್ಟಿದ್ದೇನೆ, ಅದರ ಮೇಲೆ ಹೊದಿಸಲು ಹಳೆಯ ಸೊಳ್ಳೆ ಪರದೆಯ ತುಂಡೊಂದನ್ನು ಕತ್ತರಿಸಿಕೊಂಡಿದ್ದೇನೆ. ಗಾಳಿ ಎಷ್ಟು ಕಡಿಮೆಯಾಗುತ್ತದೆ ಎಂದು ಈ ಭಾನುವಾರ ಅಳೆಯಬೇಕು.